ಹಸ್ಕಿ 3 ಕಿ.ಮೀ. ಆಗುತ್ತಲೇ ಕೂತುಬಿಡುತ್ತೆ, ಜಗ್ಗೋದೇ ಇಲ್ಲ. ತಪ್ಪು ಎಲ್ಲಿದೆ?

ಪ್ರಶ್ನೆ: ಡುಲುತ್ ಕನ್ನಡಿಗ

ಮಿನ್ನೆಸೋಟದ ಡುಲುತ್ ಹತ್ತಿರ ಇದ್ದೇವೆ. ಮನೆಯಲ್ಲಿ ಎರಡು ಸೈಬೀರಿಯನ್ ಹಸ್ಕಿ ನಾಯಿ: ಹೆಣ್ಣು 4 ವರ್ಷ, 21 ಕೆ.ಜಿ.; ಗಂಡು 11 ತಿಂಗಳು, 23 ಕೆ.ಜಿ. ಹಿಮ ಬೀಳೋ ಮುಂಚೆ ಸೈಕಲ್‌ಗೆ ಕಟ್ಟಿ ಓಡಿಸೋ ಅಭ್ಯಾಸ ಸೆಪ್ಟೆಂಬರ್ ಮಧ್ಯದಿಂದ ನಡೀತಿದೆ. ವಾರಕ್ಕೆ 4 ದಿನ, ಪ್ರತಿಸಲ 5 ಕಿ.ಮೀ., ಜಲ್ಲಿ ಹಾದಿ. ಬೆಳಿಗ್ಗೆ 8ಕ್ಕೆ ಸುಮಾರು 12 ಡಿಗ್ರಿ, ಸರೋವರದ ಕಡೆಯಿಂದ ದಟ್ಟ ಮಂಜು. ಮೊದಲ ಮೂರು ವಾರ ಹೆಣ್ಣು ಚೆನ್ನಾಗಿಯೇ ಎಳೀತಿತ್ತು. ಈಗ 3 ಕಿ.ಮೀ. ಆಗುತ್ತಲೇ ಲೈನ್ (ಎಳೆಯೋ ಹಗ್ಗ) ಸಡಿಲವಾಗುತ್ತೆ, ಹಿಂದೆ ತಿರುಗಿ ನೋಡುತ್ತೆ, ಆಮೇಲೆ ಕೂತೇಬಿಡುತ್ತೆ. ಗಂಡು ಹೊರಡೋ ಮೊದಲೇ ನೆಕ್‌ಲೈನ್ (ಕತ್ತಿನ ಪಟ್ಟಿಗೆ ಕಟ್ಟೋ ಸಣ್ಣ ಹಗ್ಗ) ಕಡಿದು ಹಾಕುತ್ತೆ. ಎರಡಕ್ಕೂ ಉದ್ದನೆಯ ಎಕ್ಸ್-ಬ್ಯಾಕ್ ಹಾರ್ನೆಸ್ (ಬೆನ್ನ ಮೇಲೆ ಪಟ್ಟಿಗಳು X ಆಕಾರದಲ್ಲಿ ದಾಟೋ, ಎಳೆಯಲು ಮೈಗೆ ತೊಡಿಸೋ ಪಟ್ಟಿ). ಹೆಣ್ಣಿನ ಕಂಕುಳಲ್ಲಿ ಕೂದಲು ಸವೆದಿದೆ. ಬೆಳಿಗ್ಗೆ ಏಳುವಾಗ ಮುಂಗಾಲು ಸ್ವಲ್ಪ ಬಿಗಿ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತೆ. ಹಠ ಅಂತ ಗದರಿಸಿ ಓಡಿಸಬೇಕೋ, ಪೂರ್ತಿ ನಿಲ್ಲಿಸಬೇಕೋ?

ಉತ್ತರ 1: ಗ್ಯಾಂಗ್‌ಲೈನ್

ಗದರಿಸಬೇಡಿ. ಮೂರು ವಾರ ಖುಷಿಯಿಂದ ಎಳೆದ ಹಸ್ಕಿ ಒಂದೇ ದೂರಕ್ಕೆ ಬಂದು ನಿಲ್ಲುತ್ತಿದೆ ಅಂದರೆ ಅದಕ್ಕೆ ಎಲ್ಲೋ ನೋಯುತ್ತಿದೆ, ಇಲ್ಲವೇ ಮೈ ಕಾದಿದೆ. ಇವತ್ತಿನಿಂದಲೇ ಎಳೆಸುವುದನ್ನು ನಿಲ್ಲಿಸಿ.

ಮೊದಲು ಹಾರ್ನೆಸ್. ಉದ್ದನೆಯ ಎಕ್ಸ್-ಬ್ಯಾಕ್ ಇರುವುದು ಲೈನ್ ನೆಲಕ್ಕೆ ಹತ್ತಿರದಲ್ಲಿ ಸಾಗುವ ಸ್ಲೆಡ್‌ಗೆ (ಹಿಮದ ಜಾರುಬಂಡಿಗೆ). ಸೈಕಲ್‌ನಲ್ಲಿ ಲೈನ್ ಹ್ಯಾಂಡಲ್ ಕಡೆಗೆ ಮೇಲಕ್ಕೇರುತ್ತೆ. ಆಗ ಹಾರ್ನೆಸ್‌ನ ಹಿಂತುದಿ ಸೊಂಟ ಬಿಟ್ಟು ಎದ್ದು, ಪಟ್ಟಿಗಳು ಕಂಕುಳಿಗೆ ಜಾರಿ ಉಜ್ಜುತ್ತವೆ. ಕೂದಲು ಸವೆದಿರುವುದು ಇದಕ್ಕೇ ಇರಬೇಕು. ಸೈಕಲ್‌ಗೆ, ಸೊಂಟಕ್ಕೆ ಕಟ್ಟಿಕೊಂಡು ಓಡುವುದಕ್ಕೆ ಪಕ್ಕೆಲುಬಿನ ಮಧ್ಯಕ್ಕೇ ಮುಗಿಯುವ ಅರ್ಧ ಹಾರ್ನೆಸ್ ಸರಿ. ಅಳತೆಯನ್ನು ನಾಯಿ ಸುಮ್ಮನೆ ನಿಂತಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಬ್ಬರು ಲೈನ್ ಹಿಂದಕ್ಕೆ ಹಿಡಿಯಲಿ, ನಾಯಿ ಮುಂದಕ್ಕೆ ಒರಗಲಿ, ಆಗ ನೋಡಿ. ಕತ್ತಿನ ಪಟ್ಟಿ ಗಂಟಲಿನ ಮೇಲಲ್ಲ, ಎದೆಮೂಳೆಯ ಮೇಲೆ ಕೂರಬೇಕು. ಪಟ್ಟಿಯ ಕೆಳಗೆ ಎರಡು ಬೆರಳು ಮಟ್ಟಸವಾಗಿ ಹೋಗಬೇಕು. ಮುಂಗಾಲು ಪೂರ್ತಿ ಚಾಚಿದಾಗಲೂ ಭುಜದ ಕೀಲು ಬಿಡುವಾಗಿರಬೇಕು.

ಆಮೇಲೆ ಪಂಜ. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ನಡುವಿನ ತೆಳು ಚರ್ಮ ನೋಡಿ. ಜಲ್ಲಿಯಲ್ಲಿ ಅಲ್ಲೇ ಸಣ್ಣ ಸೀಳು ಬೀಳೋದು, ಹೊರಗಿನಿಂದ ಕಾಣೋದೇ ಇಲ್ಲ. ಅಂಗಾಲಿನ ಗಟ್ಟಿ ಚರ್ಮ ಸವೆದು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿದ್ದರೆ ಅದು ಬಲಿಯುವವರೆಗೆ ಜಲ್ಲಿ ಹಾದಿ ಬೇಡ.

ಉತ್ತರ 2: ಪಶುವೈದ್ಯೆ

ಮೇಲಿನದಕ್ಕೆ ಒಂದು ಮುಖ್ಯ ವಿಷಯ ಸೇರಿಸಬೇಕು. ನೀವಿರುವ ಕಡೆ ಅಕ್ಟೋಬರ್ ಅಂದರೆ ಜಿಂಕೆ ಉಣ್ಣಿ (ಡೀರ್ ಟಿಕ್, ರಕ್ತ ಹೀರುವ ಸಣ್ಣ ಹುಳ) ಜೋರಾಗಿರುವ ತಿಂಗಳು. ಎದ್ದಾಗ ಕಾಲು ಬಿಗಿ, ಬೇಗ ಸುಸ್ತು, ಎರಡೂ ಇವೆ. ಈ ಉಣ್ಣಿಯಿಂದ ಹರಡುವ ಲೈಮ್, ಅನಾಪ್ಲಾಸ್ಮಾ ಕಾಯಿಲೆಗಳು ಎರಡೂ ಹೀಗೇ ಶುರುವಾಗುತ್ತವೆ. ಇವತ್ತು ಎಡಗಾಲು, ನಾಳೆ ಬಲಗಾಲು ಅಂತ ಕುಂಟು ಜಾಗ ಬದಲಿಸುವುದೂ ಉಂಟು. ಕ್ಲಿನಿಕ್‌ನಲ್ಲೇ ಕೆಲವು ಹನಿ ರಕ್ತದಲ್ಲಿ ಪರೀಕ್ಷೆ ಆಗುತ್ತೆ. ಈ ವಾರವೇ ಮಾಡಿಸಿ. ಅಷ್ಟರೊಳಗೆ ನೋವಿಗೆ ಅಂತ ಮನೆಯಲ್ಲಿರುವ ಐಬುಪ್ರೊಫೆನ್ ಆಗಲಿ ಪ್ಯಾರಾಸಿಟಮಾಲ್ ಆಗಲಿ ದಯವಿಟ್ಟು ಕೊಡಬೇಡಿ, ನಾಯಿಗೆ ಅವು ವಿಷ.

ಇನ್ನು ಮಂಜು. 12 ಡಿಗ್ರಿ ನಮಗೆ ಚಳಿ, ಎರಡು ಪದರ ತುಪ್ಪಳ ಹೊತ್ತ ಹಸ್ಕಿಗೆ ಅಲ್ಲ. ಏದುಸಿರಿನಲ್ಲಿ ನಾಲಿಗೆಯ ನೀರು ಆವಿಯಾದರೇ ಅದರ ಮೈ ತಣಿಯೋದು. ಗಾಳಿಯಲ್ಲಿ ತೇವ ತುಂಬಿದ್ದರೆ ಆವಿಯಾಗುವುದೇ ಕಷ್ಟ. ನಾಲಿಗೆಯ ತುದಿ ಚಮಚದ ಹಾಗೆ ಅಗಲವಾದರೆ, ನಾಯಿ ಹಾದಿ ಬಿಟ್ಟು ಚರಂಡಿ ನೀರಿಗೆ ಎಳೆದರೆ ಅಲ್ಲಿಗೇ ನಿಲ್ಲಿಸಿ. ಹಿಂಗಾಲು ತೂರಾಡಿದರೆ ತುರ್ತು: ಮೈಮೇಲೆ ಧಾರಾಳವಾಗಿ ತಣ್ಣೀರು ಹುಯ್ಯಿರಿ, ಗಾಳಿ ಬೀಸಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಒದ್ದೆ ಟವೆಲ್ ಹೊದಿಸಿಡಬೇಡಿ, ಕಾವು ಒಳಗೇ ಉಳಿಯುತ್ತೆ.

ಓಟಕ್ಕೆ 2 ಗಂಟೆ ಮೊದಲು ಸ್ವಲ್ಪ ಮಾಂಸದ ರಸ ಬೆರೆಸಿದ ಸುಮಾರು ಅರ್ಧ ಲೀಟರ್ ನೀರು ಕುಡಿಸಿ. ಹೊಟ್ಟೆತುಂಬ ಊಟ ಆಗಿದ್ದರೆ 4 ಗಂಟೆ ಬಿಡುವಿರಲಿ.

ಉತ್ತರ 3: ಗ್ಯಾಂಗ್‌ಲೈನ್

ಉಣ್ಣಿಯ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ಅದೇ ಮೊದಲು ಆಗಲಿ. ರಕ್ತ ಪರೀಕ್ಷೆ ಸರಿಬಂದು ಕಂಕುಳು ಮಾಗಿದ ಮೇಲೆ ಹೀಗೆ ಶುರುಮಾಡಿ: 10 ದಿನ ಬರೀ ನಡಿಗೆ. ನಂತರ ದಿನ ಬಿಟ್ಟು ದಿನ ಮೆತ್ತನೆ ಮಣ್ಣಿನ ಹಾದಿಯಲ್ಲಿ ಒಟ್ಟು 1.5 ಕಿ.ಮೀ.: 300 ಮೀಟರ್ ಎಳೆತ, 2 ನಿಮಿಷ ನಡಿಗೆ, ಮತ್ತೆ ಎಳೆತ. ಪೆಡಲ್ ನೀವೂ ತುಳಿಯುತ್ತಿರಿ, ಪೂರ್ತಿ ಭಾರ ಅದರ ಮೇಲೆ ಬೀಳಬಾರದು. ಇನ್ನೂ ಎಳೆಯುವ ಆಸೆ ಇರುವಾಗಲೇ ನಿಲ್ಲಿಸಿ ಲೈನ್ ಬಿಚ್ಚಿ. ಕೂತ ಮೇಲೆ ಮನೆಗೆ ಕರೆತಂದರೆ, ಕೂತರೆ ಓಟ ಮುಗಿಯುತ್ತೆ ಅಂತ ಅದು ಕಲಿಯುತ್ತೆ. ವಾರಕ್ಕೆ ಹತ್ತರಲ್ಲೊಂದು ಪಾಲು ದೂರ ಏರಿಸಿದರೆ ಸಾಕು.

11 ತಿಂಗಳ ಗಂಡನ್ನು ಸೈಕಲ್‌ಗೆ ಕಟ್ಟುವುದು ಈಗ ಬೇಡ. ಎಲುಬಿನ ಬೆಳವಣಿಗೆಯ ತುದಿಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಒಂದೂವರೆ ವರ್ಷದವರೆಗೆ ಹಾರ್ನೆಸ್ ಹಾಕಿ ನಡಿಗೆಯಲ್ಲಿ ‘ಜೀ’ ಅಂದರೆ ಬಲ, ‘ಹಾ’ ಅಂದರೆ ಎಡ, ‘ಆನ್ ಬೈ’ ಅಂದರೆ ನೋಡದೆ ಮುಂದೆ ಹೋಗು, ಇಷ್ಟು ಕಲಿಸಿ. ಲೈನ್ ಕಡಿಯೋದು ಕಾಯುವ ಚಡಪಡಿಕೆಗೆ. ಮುಂದೆ ಕಟ್ಟುವಾಗ ಹೆಲ್ಮೆಟ್, ಗ್ಲೌಸ್, ಬ್ರೇಕ್ ಎಲ್ಲ ನೋಡಿಕೊಂಡು, ಕೊನೆಗೆ ಅವನನ್ನು ಕೊಕ್ಕೆಗೆ ಹಾಕಿ, ಅರ್ಧ ನಿಮಿಷದೊಳಗೆ ಹೊರಟುಬಿಡಿ.

ಡುಲುತ್ ಕನ್ನಡಿಗ

ನಾಳೆಗೇ ಕ್ಲಿನಿಕ್ ಸಮಯ ತೆಗೆದುಕೊಂಡೆ. ಹಿಮ ಬಿದ್ದ ಮೇಲೆ ಬೂಟಿ (ನಾಯಿಯ ಪಂಜಕ್ಕೆ ಹಾಕೋ ಕಾಲುಚೀಲ) ಬೇಕೇಬೇಕಾ?

ಉತ್ತರ 4: ಗ್ಯಾಂಗ್‌ಲೈನ್

ಹೊಸದಾಗಿ ಬಿದ್ದ ಮೆತ್ತನೆ ಹಿಮದಲ್ಲಿ ಸಣ್ಣ ಓಟಕ್ಕೆ ಎಲ್ಲಾ ನಾಯಿಗೂ ಬೇಕಿಲ್ಲ. ಬೆರಳ ಸಂದಿಯಲ್ಲಿ ಹಿಮದುಂಡೆ ಕಟ್ಟುತ್ತಿದ್ದರೆ, ಹಾದಿ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನಂತೆ ಚೂಪಾಗಿದ್ದರೆ, ರಸ್ತೆಗೆ ಉಪ್ಪು ಎರಚಿದ್ದರೆ ಹಾಕಲೇಬೇಕು. ಕಾರ್ಡುರಾ ಅನ್ನೋ ಗಟ್ಟಿ ನೈಲಾನ್ ಬಟ್ಟೆಯ ತೆಳು ಬೂಟಿ ಸಾಕು. ಪಟ್ಟಿಯ ಕೆಳಗೆ ಒಂದು ಬೆರಳಿಗೆ ಜಾಗವಿರಲಿ. ಬಿಗಿದರೆ ಪಂಜ ಊದುತ್ತೆ. ಸಣ್ಣ ತೂತು ಬಿದ್ದರೂ ಎಸೆಯಿರಿ, ಅದರೊಳಗೆ ಹೊಕ್ಕ ಹಿಮ ಹೊರಬರದೆ ಅಲ್ಲೇ ಗಟ್ಟಿಯಾಗುತ್ತೆ. ಜೇಬಲ್ಲಿ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ, ಓಟ ಮುಗಿದ ಕೂಡಲೇ ನಾಲ್ಕನ್ನೂ ಬಿಚ್ಚಿಬಿಡಿ.