ಸಹಾಯ ಬೇಕು: ಶಾಲೆಯ ಕೈತೋಟಕ್ಕೆ ನಾಟಿ ಬೀಜ, ಗೊಬ್ಬರ ಮತ್ತು ಬೇಸಿಗೆಯಲ್ಲಿ ನೀರು ಹಾಕುವವರು

ಬೆಂಗಳೂರಿನ ಬಸವನಗುಡಿ ಸುತ್ತಮುತ್ತ ಇರುವವರಲ್ಲಿ ಒಂದು ಕೋರಿಕೆ. ಇಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ ಸಂಜೆ ಗಂಟೆ ಹೊಡೆದ ಮೇಲೆ ಐದು, ಆರನೇ ತರಗತಿಯ ಮಕ್ಕಳೊಂದಿಗೆ ಕೈತೋಟ ಮಾಡುತ್ತಿದ್ದೇವೆ. ಅಂಗಳವೆಲ್ಲ ಕಾಂಕ್ರೀಟು. ಗೋಡೆಯ ಪಕ್ಕ ಒಂದು ಪಟ್ಟಿ ನೆಲವಿದೆ, ಉಳಿದದ್ದೆಲ್ಲ ಹಳೆಯ ಬಣ್ಣದ ಡಬ್ಬಗಳಲ್ಲಿ.

ಬೆಂಡೆ, ದಂಟು ಚೆನ್ನಾಗಿಯೇ ಬಂದಿವೆ. ಆದರೆ ಮಕ್ಕಳ ಜೀವವೆಲ್ಲ ಕರಿಬೇವಿನ ಗಿಡದ ಮೇಲೆ. ಹಕ್ಕಿಯ ಹಿಕ್ಕೆಯಂತೆ ಎಲೆಗೆ ಅಂಟಿಕೊಂಡಿದ್ದದ್ದು ಬೆಳೆದು ಹಸಿರು ಹುಳುವಾಯಿತು. ಕಡ್ಡಿ ಸೋಕಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಎಂದು ತಿಳಿದ ಮೇಲೆ ಔಷಧಿ ಹೊಡೆಯಲು ಯಾರೂ ಬಿಡುತ್ತಿಲ್ಲ. ಬಿಸಿಯೂಟದ ಅಡುಗೆಯವರಿಗೆ ಒಗ್ಗರಣೆಗೆ ಸೊಪ್ಪಿಲ್ಲವೆಂಬ ಸಿಟ್ಟು, ಅದೂ ನ್ಯಾಯವೇ! ಹಾಗಾಗಿ ಇನ್ನೊಂದೆರಡು ಕರಿಬೇವಿನ ಸಸಿ, ಒಂದು ನಿಂಬೆ ಸಸಿ ಬೇಕು. ಚಿಟ್ಟೆಗಳಿಗೆಂದು ಎಕ್ಕದ ಗಿಡ ಕೊಡುತ್ತೇವೆಂದವರಿಗೆ ವಂದನೆಗಳು, ಆದರೆ ಅದರ ಹಾಲು ಕಣ್ಣಿಗೆ ಅಪಾಯ, ಶಾಲೆಗೆ ಬೇಡ.

ಅವರೆ, ಬದನೆ, ಹೀರೆಯ ನಾಟಿ ಬೀಜವಿದ್ದರೆ ಒಂದು ಹಿಡಿ ಕೊಡಿ. ಹೈಬ್ರಿಡ್ ಬೇಡ, ಮಕ್ಕಳು ಬೀಜ ಉಳಿಸಿ ಮತ್ತೆ ಬಿತ್ತಿದಾಗ ತಾಯಿಗಿಡದ ಗುಣವೇ ಬರಬೇಕು. ಹಳೆಯ ಕೊಟ್ಟಿಗೆ ಗೊಬ್ಬರ ಎರಡು ಮೂಟೆ ಸಿಕ್ಕರೆ ಸಾಕು, ಸಾಗಣೆ ನಮ್ಮದು.

ನಿಜವಾದ ಚಿಂತೆ ಏಪ್ರಿಲ್, ಮೇ ರಜೆಯದು. ಒಬ್ಬೊಬ್ಬರು ವಾರಕ್ಕೊಂದು ಬೆಳಿಗ್ಗೆ ಬಂದು ನೀರು ಹಾಕುವವರು ಬೇಕು. ಮುಖ್ಯೋಪಾಧ್ಯಾಯರ ಒಪ್ಪಿಗೆ ಇದೆ, ಗೇಟಿನ ಕೀಲಿ ಕಾವಲುಗಾರರ ಬಳಿ ಸಿಗುತ್ತದೆ. ಹಣ ಕಳುಹಿಸಬೇಡಿ. ಬರಬಲ್ಲವರು ವಾರದ ಯಾವ ದಿನ ಎಂದು ಕೆಳಗೆ ತಿಳಿಸಿ.