ಸ್ಕೇಲ್ ಮಾದರಿಗಳು: ಕಟ್ಟುವುದು, ಕೂಡಿಡುವುದು, ಫೋಟೊ ತೆಗೆಯುವುದು – ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಿಜವಾದ ವಸ್ತುವನ್ನು ಅಳತೆಗೆ ತಕ್ಕಂತೆ ಕಿರಿದಾಗಿಸಿದ ಸ್ಕೇಲ್ ಮಾದರಿಗಳ ಹವ್ಯಾಸವನ್ನು ಆರಂಭಿಸಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ವಿಮಾನ, ಟ್ಯಾಂಕ್, ಹಡಗು, ರೈಲು, ಕಾರು ಎಂದು ಬಗೆಗಳೇ ಇಷ್ಟೊಂದಿರುವುದರಿಂದ ಯಾವುದನ್ನು ಕೈಗೆತ್ತಿಕೊಳ್ಳಬೇಕೆಂದು ತೋಚುತ್ತಿಲ್ಲ. ನನಗಿರುವುದು ಒಂದು ಸಾಧಾರಣ ಮೇಜು ಮತ್ತು ಒಂದು ಗಾಜಿನ ಕಪಾಟು. ಕಟ್ಟಿದ್ದನ್ನು ನಿಜವಾದದ್ದೇ ಎನ್ನಿಸುವಂತೆ ಫೋಟೊ ತೆಗೆಯಬೇಕೆಂಬ ಬಯಕೆಯೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ವಿಮಾನದ ಕಿಟ್‌ಗಳನ್ನು ಕಟ್ಟುವವರ ಉತ್ತರ:

ಏನನ್ನು ಕಟ್ಟಬೇಕೆಂದು ಯೋಚಿಸುವ ಮೊದಲು ಕಪಾಟಿನ ಒಳ ಅಳತೆಯನ್ನು ಬರೆದಿಟ್ಟುಕೊಳ್ಳಿ. ಜೋಡಿಸಬೇಕಾದ ಬಿಡಿಭಾಗಗಳು ತುಂಬಿ ಬರುವ ಕಿಟ್ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಎಲ್ಲ ವಿಮಾನಗಳೂ ಒಂದೇ ಗಾತ್ರದಲ್ಲಿ ಕಾಣುತ್ತವೆ. ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆಯ ಹರವು ಸುಮಾರು 11.2 ಮೀಟರ್ ಇದ್ದು, ಅದು 1/72ರಲ್ಲಿ (ಅಂದರೆ ನಿಜವಾದ ಅಳತೆಯನ್ನು 72ರಿಂದ ಭಾಗಿಸಿದ ಸ್ಕೇಲಿನಲ್ಲಿ) 15.6 ಸೆಂ.ಮೀ., 1/48ರಲ್ಲಿ 23.4 ಸೆಂ.ಮೀ., 1/32ರಲ್ಲಿ 35 ಸೆಂ.ಮೀ. ಆಗುತ್ತದೆ. ಇವು ಯಾವ ಕಪಾಟಿನಲ್ಲಾದರೂ ಹಿಡಿಸುತ್ತವೆ. ಆದರೆ ಅದೇ ಕಾಲದ ಬಿ-17 ಬಾಂಬರ್ 1/72ರಲ್ಲೇ 44 ಸೆಂ.ಮೀ. ಅಗಲವಾಗುತ್ತದೆ, 1/48ರಲ್ಲಿ 66 ಸೆಂ.ಮೀ.ಗೆ ಸ್ವಲ್ಪವೇ ಕಡಿಮೆ. ಪ್ರಯಾಣಿಕ ವಿಮಾನಗಳ ಕಿಟ್‌ಗಳು ಹೆಚ್ಚಾಗಿ 1/144ರಲ್ಲಿ ಬರುವುದಕ್ಕೆ ಈ ಲೆಕ್ಕವೇ ಕಾರಣ.

1/72 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಹೊಸಬರೆಲ್ಲ ಕೇಳುತ್ತಾರೆ. ಆರು ಅಡಿಗೆ ಒಂದು ಅಂಗುಲ, ಅಂದರೆ ಎತ್ತರದ ಆಳೊಬ್ಬ ಒಂದು ಅಂಗುಲಕ್ಕೆ ಇಳಿಯುತ್ತಾನೆ. 1930ರ ದಶಕದ ಬ್ರಿಟನ್ನಿನಲ್ಲಿ ಸ್ಕೈಬರ್ಡ್ಸ್ ಮರದ ಕಿಟ್‌ಗಳು ಈ ಸ್ಕೇಲನ್ನು ಬಳಕೆಗೆ ತಂದವು. 1936ರಲ್ಲಿ ಫ್ರಾಗ್ ಕಂಪನಿಯ ಪೆಂಗ್ವಿನ್ ಪ್ಲಾಸ್ಟಿಕ್ ಕಿಟ್‌ಗಳು ಅದನ್ನೇ ಮುಂದುವರಿಸಿದವು. ಅಂದಿನಿಂದ ಇಂದಿನವರೆಗೂ ಅತಿ ಹೆಚ್ಚು ಬಗೆಯ ವಿಮಾನಗಳು ದೊರೆಯುವ ಸ್ಕೇಲ್‌ಗಳಲ್ಲಿ ಅದೂ ಒಂದು.

ಕೈಕೆಲಸದ ವಿಷಯದಲ್ಲಿ ಎರಡೇ ಮಾತು ಹೇಳುತ್ತೇನೆ. ಕಿಟ್‌ಗಳ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಬಳಸುವ, ಸಿಮೆಂಟ್ ಎಂದು ಕರೆಯುವ ತೆಳು ಅಂಟು ಎರಡೂ ಅಂಚುಗಳನ್ನು ಕರಗಿಸಿ ಬೆಸೆಯುತ್ತದೆ. ಆದ್ದರಿಂದ ಬಣ್ಣ ಬಳಿದ ಅಂಚಿಗೆ ಅದು ಹಿಡಿಯುವುದಿಲ್ಲ, ಅಂಟಿಸುವ ಜಾಗದ ಬಣ್ಣವನ್ನು ಮೊದಲು ಕೆರೆದು ತೆಗೆಯಬೇಕು. ಚಾಲಕನ ಕೋಣೆಯ ಪಾರದರ್ಶಕ ಹೊದಿಕೆಗೆ ಮಾತ್ರ ಸೂಪರ್ ಗ್ಲೂ ಹತ್ತಿರಕ್ಕೂ ತರಬೇಡಿ. ಅದರ ಆವಿ ಒಳಗಡೆ ಬಿಳಿಯ ಮಬ್ಬಾಗಿ ಕೂರುತ್ತದೆ. ಮರಕ್ಕೆ ಬಳಸುವ ಬಿಳಿ ಅಂಟೇ ಸಾಕು, ಒಣಗಿದ ಮೇಲೆ ಅದು ಕಾಣುವುದೂ ಇಲ್ಲ. ಎರಡನೆಯದು ಡೀಕ್ಯಾಲ್, ಅಂದರೆ ಗುರುತು ಮತ್ತು ಸಂಖ್ಯೆಗಳ ತೆಳು ಅಂಟುಚಿತ್ರ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಒರಟು ಮೈಮೇಲೆ ನೇರವಾಗಿ ಅಂಟಿಸಿದರೆ ಅದರ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಓರೆ ಬೆಳಕಿನಲ್ಲಿ ಬೆಳ್ಳಿಯಂತೆ ಹೊಳೆಯುತ್ತದೆ. ಮೊದಲು ಹೊಳಪಿನ ವಾರ್ನಿಶ್, ಅದರ ಮೇಲೆ ಡೀಕ್ಯಾಲ್, ಕೊನೆಗೆ ಮ್ಯಾಟ್ ವಾರ್ನಿಶ್ ಎಂಬ ಕ್ರಮವನ್ನು ತಪ್ಪಿಸಬೇಡಿ.

ಹಡಗುಗಳನ್ನು ಕಟ್ಟುವವರ ಉತ್ತರ:

ಮೇಲಿನವರು ಹೇಳಿದ ಕಪಾಟಿನ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದನ್ನೇ ಮೊದಲಿಗೆ ಇಡುವುದು ನನಗೆ ಸರಿ ಕಾಣುವುದಿಲ್ಲ. ಮನಸ್ಸಿಗೆ ಹತ್ತದ ವಸ್ತು ಎಷ್ಟೇ ಚಿಕ್ಕದಾಗಿದ್ದರೂ ಅರ್ಧಕ್ಕೇ ಪೆಟ್ಟಿಗೆ ಸೇರುತ್ತದೆ. ಮನಸ್ಸಿಗೆ ಹತ್ತಿದ್ದಕ್ಕೆ ತಕ್ಕ ಸ್ಕೇಲ್ ಹೇಗೂ ಸಿಗುತ್ತದೆ. 263 ಮೀಟರ್ ಉದ್ದದ ಯಮಾಟೊ ಯುದ್ಧನೌಕೆಯೂ 1/700ರಲ್ಲಿ 37.6 ಸೆಂ.ಮೀ.ಗೆ ಇಳಿಯುತ್ತದೆಯಲ್ಲವೇ? ಜಪಾನಿನ ತಯಾರಕರು ಕೂಡಿ 1971ರಲ್ಲಿ ಆರಂಭಿಸಿದ ವಾಟರ್‌ಲೈನ್ ಸರಣಿ ಈ ಸ್ಕೇಲಿನದ್ದೇ. ನೀರಿನ ಮಟ್ಟದಿಂದ ಕೆಳಗಿನ ಭಾಗವೇ ಅದರಲ್ಲಿಲ್ಲದ ಕಾರಣ ಹಡಗನ್ನು ಸಮುದ್ರದ ಮೇಲೆ ತೇಲುವಂತೆ ಕೂರಿಸಬಹುದು. ಕಣ್ಣಿಗೆ ಮತ್ತು ಬೆರಳಿಗೆ ಮಾತ್ರ ಅದು ದಣಿವಿನ ಕೆಲಸ. 1/700ರ ಕಟಕಟೆ ಕಂಬಿಗಳನ್ನು ಹಿತ್ತಾಳೆಯ ತೆಳು ಹಾಳೆಯಿಂದ ಬಿಡಿಸಿ, ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಬೇಕಾಗುತ್ತದೆ. ಮೊದಲ ಕಿಟ್ ಆಗಿ ಇದನ್ನು ನಾನು ಯಾರಿಗೂ ಹೇಳಲಾರೆ.

ರೈಲು ಮಾದರಿಗಳ ಹವ್ಯಾಸಿಯ ಉತ್ತರ:

ರೈಲಿಗೆ ಕಪಾಟು ಸಾಲದು, ಓಡಲು ಜಾಗ ಬೇಕು. ರೈಲು ಮಾದರಿಗಳ ಎಚ್‌ಒ ಎಂಬ ಸ್ಕೇಲ್ 1/87ರದ್ದು, ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಹೆಚ್ಚು ಬಿಗಿಯಾದ ವೃತ್ತವನ್ನು ಹಾಕಿದರೂ ಒಂದು ಮೇಜಿನ ಅಗಲವನ್ನು ಅದು ತಿಂದುಬಿಡುತ್ತದೆ. 9 ಮಿ.ಮೀ. ಹಳಿಯ ಎನ್ ಸ್ಕೇಲ್ ಸುಮಾರು ಅದರ ಅರ್ಧದಲ್ಲಿ ಮುಗಿಯುತ್ತದೆ. ಕೊಳ್ಳುವಾಗ ಒಂದು ಎಚ್ಚರಿಕೆ: ಬ್ರಿಟಿಷ್ ಒಒ ಸ್ಕೇಲ್ 1/76ರದ್ದಾದರೂ ಎಚ್‌ಒದ ಅದೇ ಹಳಿಯ ಮೇಲೆ ಓಡುತ್ತದೆ. ಬ್ರಿಟಿಷ್ ಎಂಜಿನ್‌ಗಳು ಮೂಲದಲ್ಲೇ ಕಿರಿದಾಗಿದ್ದು, ಆ ಕಾಲದ ಮೋಟಾರುಗಳು 1/87ರಲ್ಲಿ ಅವುಗಳೊಳಗೆ ಹಿಡಿಸದಿದ್ದುದು ಇದಕ್ಕೆ ಕಾರಣ. ಎರಡನ್ನೂ ಒಂದೇ ಗಾಡಿಗೆ ಜೋಡಿಸಿದರೆ ಓಡುತ್ತವೆ, ಫೋಟೊದಲ್ಲಿ ಮಾತ್ರ ಒಂದು ಡಬ್ಬಿ ಇನ್ನೊಂದರ ಮುಂದೆ ಗಿಡ್ಡವಾಗಿ ಕಾಣುತ್ತದೆ.

ಲೋಹದ ಕಾರುಗಳ ಸಂಗ್ರಾಹಕರ ಉತ್ತರ:

ಕಟ್ಟುವ ತಾಳ್ಮೆ ಇಲ್ಲದವರು ಮಾತ್ರ ಕೂಡಿಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೂಡಿಡುವವರಿಗೂ ಓದು ಮತ್ತು ಜೋಪಾನ ಬೇಕು. ಡೈಕ್ಯಾಸ್ಟ್, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಕಾರುಗಳು ಮುಖ್ಯವಾಗಿ 1/18, 1/43 ಮತ್ತು 1/64ರಲ್ಲಿ ಬರುತ್ತವೆ. 1/43 ಹಳೆಯ ಒ ಸ್ಕೇಲ್ ರೈಲುಗಳ ಪಕ್ಕದಲ್ಲಿಡಲು ಹುಟ್ಟಿದ ಅಳತೆ. ಹಳೆಯದನ್ನು ಕೊಳ್ಳುವವರು ಸತುವಿನ ಕಾಯಿಲೆಯನ್ನು ಗುರುತಿಸಲು ಕಲಿಯಲೇಬೇಕು. ಎರಕದ ಸತುವಿನ ಮಿಶ್ರಲೋಹದಲ್ಲಿ ಸೀಸದಂತಹ ಕಲ್ಮಶ ಉಳಿದಿದ್ದರೆ, ತೇವ ತಾಗಿದಂತೆಲ್ಲ ಲೋಹದ ಹರಳುಗಳ ನಡುವೆ ಸವೆತ ಆರಂಭವಾಗುತ್ತದೆ. ಮೊದಲು ಬಣ್ಣ ಗುಳ್ಳೆ ಏಳುತ್ತದೆ, ಆಮೇಲೆ ಕೂದಲೆಳೆಯ ಬಿರುಕುಗಳು, ಚಾಸಿಸ್ ಸೊಟ್ಟಗಾಗಿ ಉಬ್ಬುವುದು, ಕಡೆಗೆ ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗುವುದು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಆಟಿಕೆ ಕಾರುಗಳಲ್ಲಿ ಇದು ಹೆಚ್ಚು. ಮದ್ದಿಲ್ಲ, ಆದರೆ ಪಕ್ಕದ ಕಾರಿಗೆ ಹರಡುವುದೂ ಇಲ್ಲ. ಆ ಭಯದಿಂದ ಒಳ್ಳೆಯ ಕಾರುಗಳನ್ನು ಮಾರಿಬಿಟ್ಟವರನ್ನು ನಾನು ಬಲ್ಲೆ.

ಕಪಾಟನ್ನು ಕಿಟಕಿಯ ಎದುರಿಗೆ ಇಡಬೇಡಿ. ಬಿಸಿಲಿಗೆ ಮೊದಲು ಹೋಗುವುದು ಕೆಂಪು ಬಣ್ಣ, ಅದರೊಡನೆ ಡೀಕ್ಯಾಲ್ ಹಳದಿಯಾಗುತ್ತದೆ. ಗಾಳಿ ಗುಳ್ಳೆಗಳಿರುವ ಪ್ಯಾಕಿಂಗ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ವರ್ಷಗಟ್ಟಲೆ ಇಟ್ಟರೆ ಬಣ್ಣದ ಮೇಲೆ ಗುಳ್ಳೆಗಳ ಅಚ್ಚು ಉಳಿಯಬಹುದು, ಮೊದಲು ಮೆತ್ತನೆಯ ಕಾಗದ ಸುತ್ತಿ.

ಮಾದರಿಗಳ ಛಾಯಾಚಿತ್ರಕಾರರ ಉತ್ತರ:

ಫೋಟೊದ ಬಯಕೆಯನ್ನು ನೀವು ಕಡೆಯಲ್ಲಿ ಹೇಳಿದ್ದೀರಿ, ಆದರೆ ಸ್ಕೇಲನ್ನು ತೀರ್ಮಾನಿಸಬೇಕಾದದ್ದು ಅದೇ ಎಂದು ನನ್ನ ಅಭಿಪ್ರಾಯ. ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ. 1/24ರಲ್ಲಿ ಅದು 67 ಮಿ.ಮೀ., 1/72ರಲ್ಲಿ 22 ಮಿ.ಮೀ., 1/700ರಲ್ಲಿ ಎರಡು ಮಿ.ಮೀ. ಚಿಲ್ಲರೆ. ಲೆನ್ಸ್ ಆ ಎತ್ತರಕ್ಕೆ ಇಳಿದರೆ ಮಾತ್ರ ನೋಡುವವನು ಅದರ ಪಕ್ಕದಲ್ಲಿ ನಿಂತಂತಾಗುತ್ತದೆ, ಮೇಲಿನಿಂದ ತೆಗೆದ ಚಿತ್ರ ಎಂದಿಗೂ ಆಟಿಕೆಯ ಚಿತ್ರವೇ. ದೊಡ್ಡ ಕ್ಯಾಮೆರಾ ಇಲ್ಲವೆಂದು ಕೊರಗಬೇಡಿ. ಫೋನಿನ ಸೆನ್ಸಾರ್ ಚಿಕ್ಕದಾಗಿರುವುದರಿಂದ ಮೂತಿಯಿಂದ ಬಾಲದವರೆಗೆ ಹೆಚ್ಚು ಭಾಗ ಸ್ಪಷ್ಟವಾಗಿ ಬರುತ್ತದೆ. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ಮೇಜಿಗೇ ತಾಗುವಷ್ಟು ಕೆಳಗೆ ಬರುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/22ರವರೆಗೆ ಕಿರಿದು ಮಾಡಿದರೆ ವಿವರ್ತನೆಯಿಂದ, ಅಂದರೆ ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ಫೋಕಸ್ಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸುವುದು ಅದಕ್ಕಿಂತ ಮೇಲು.

ಬೆಳಕು ಒಂದೇ ಇರಲಿ. ಎರಡು ದೀಪಗಳಿಟ್ಟರೆ ಎರಡು ನೆರಳು ಬೀಳುತ್ತವೆ, ಆಕಾಶದಲ್ಲಿ ಎರಡು ಸೂರ್ಯರಿಲ್ಲ. ಎಲ್ಲಕ್ಕಿಂತ ಒಳ್ಳೆಯದು ನಿಜವಾದ ಬಿಸಿಲು. ಅಮೆರಿಕದ ಮೈಕೆಲ್ ಪಾಲ್ ಸ್ಮಿತ್ ಅವರು ಎಲ್ಗಿನ್ ಪಾರ್ಕ್ ಎಂಬ ಕಲ್ಪಿತ ಊರನ್ನು ಹೀಗೆಯೇ ಸೃಷ್ಟಿಸಿದರು: 1/24ರ ಕಾರುಗಳನ್ನು ಮೇಜಿನ ಮೇಲಿಟ್ಟು, ದೂರದ ನಿಜವಾದ ಮರಗಳು ಮತ್ತು ಮನೆಗಳು ಅವುಗಳ ಹಿಂದೆ ಸರಿಯಾದ ಗಾತ್ರದಲ್ಲಿ ಕಾಣುವಂತೆ ಮೇಜನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಶಟರ್ ಒತ್ತುವ ಮೊದಲು ಮೆತ್ತನೆಯ ಕುಂಚದಿಂದ ಧೂಳು ಗುಡಿಸಿ. ಸುಮಾರು 0.07 ಮಿ.ಮೀ. ದಪ್ಪದ ಒಂದು ತಲೆಗೂದಲು 1/700ರ ಹಡಗಿನ ಮೇಲೆ ಬಿದ್ದರೆ ಐದು ಸೆಂ.ಮೀ. ದಪ್ಪದ ಹಗ್ಗವಾಗುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ 1/24ರ ಒಂದು ಕಾರಿನ ಕಿಟ್ಟಿನಿಂದ ಆರಂಭಿಸಬಹುದೇ?

ವಿಮಾನದ ಕಿಟ್‌ಗಳನ್ನು ಕಟ್ಟುವವರು:

ಕಟ್ಟಬಹುದು, ಆದರೆ ಮೊದಲನೆಯದಾಗಿ ಬೇಡ. ಕಾರಿನ ಅಂದವೆಲ್ಲ ಕನ್ನಡಿಯಂತಹ ಹೊಳಪು ಬಣ್ಣದಲ್ಲಿದೆ. ಒಂದು ಗೀರು, ಒಂದು ಬೆರಳಚ್ಚು, ಒಂದು ಧೂಳಿನ ಕಣವನ್ನೂ ಅದು ಮರೆಮಾಚುವುದಿಲ್ಲ. 1/35ರ ಚಿಕ್ಕದೊಂದು ಸೇನಾ ಜೀಪನ್ನೋ ಟ್ಯಾಂಕನ್ನೋ ತೆಗೆದುಕೊಳ್ಳಿ. ಮ್ಯಾಟ್ ಬಣ್ಣ ಮತ್ತು ಕೆಸರು ಬಹಳಷ್ಟನ್ನು ಮುಚ್ಚುತ್ತವೆ, ಕಣ್ಣಿನ ಎತ್ತರವೂ 46 ಮಿ.ಮೀ. ಇರುವುದರಿಂದ ಫೋಟೊಕ್ಕೆ ಅನುಕೂಲ. (ಆ ಸ್ಕೇಲ್ ಹುಟ್ಟಿದ್ದು ಯಾವ ಶಾಸ್ತ್ರದಿಂದಲೂ ಅಲ್ಲ, 1960ರ ದಶಕದ ಆರಂಭದಲ್ಲಿ ತಮಿಯಾ ಕಂಪನಿಯವರು ತಮ್ಮ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟಾರು ಮತ್ತು ಬ್ಯಾಟರಿಗಳನ್ನು ಕೂರಿಸಲು ಹೋಗಿ ಬಂದ ಗಾತ್ರವದು.)

ಕಾರಿನ ಕಿಟ್ಟನ್ನು ಈಗಲೇ ಕೊಂಡಿಡುವುದಾದರೆ ಪೆಟ್ಟಿಗೆ ತೆರೆದು ಒಮ್ಮೆ ನೋಡಿ. ಮೆತ್ತನೆಯ ವಿನೈಲ್ ಟೈರುಗಳು ಪ್ಲಾಸ್ಟಿಕ್ ಬಿಡಿಭಾಗಗಳಿಗೆ ತಾಗಿಕೊಂಡಿದ್ದರೆ, ಟೈರಿನಿಂದ ಒಸರುವ ರಾಸಾಯನಿಕ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ಕನ್ನು ಕರಗಿಸಿ ಗುಂಡಿ ಮಾಡುತ್ತದೆ. ಟೈರುಗಳನ್ನು ಬೇರೆ ಚೀಲಕ್ಕೆ ಹಾಕಿ, ಪಾರದರ್ಶಕ ಭಾಗಗಳಿಂದ ದೂರವಿಡಿ.