ಬುಲೆಟಿನ್ ಬಂದರೆ ಸಾಲದಾ, ಎಡಿನೇ ಬರಬೇಕಾ?

ಕಿಟಕಿ_ಸೀಟು:
ವಿಮಾನ ತಯಾರಿಸಿದ ಕಂಪನಿಯೇ ‘ಈ ಭಾಗ ನೋಡಿ, ಸರಿ ಮಾಡಿ’ ಎಂದು ಸರ್ವಿಸ್ ಬುಲೆಟಿನ್ ಕಳಿಸುತ್ತದೆ. ಏರ್‌ಲೈನ್‌ನವರು ಅದನ್ನು ಫೈಲಿಗೆ ಹಾಕಿ ಸುಮ್ನೆ ಇರಬಹುದಂತೆ. ಸರ್ಕಾರಿ ಸಂಸ್ಥೆ ಏರ್‌ವರ್ದಿನೆಸ್ ಡೈರೆಕ್ಟಿವ್ (ಹಾರಾಟ ಯೋಗ್ಯತೆಯ ಆದೇಶ), ಅಂದರೆ ಎಡಿ, ಹೊರಡಿಸಿದರೆ ಮಾತ್ರ ಕಡ್ಡಾಯ. 1972ರಲ್ಲಿ ಡಿಸಿ-10 ವಿಮಾನದ ಸರಕಿನ ಬಾಗಿಲು ಆಕಾಶದಲ್ಲೇ ಕಿತ್ತುಹೋಯಿತು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಎಡಿ ಕೊಡಲಿಲ್ಲ, ಕಂಪನಿ ಜೊತೆ ಬಾಯಿಮಾತಿನ ಒಪ್ಪಂದ ಮಾಡಿಕೊಂಡು ಬುಲೆಟಿನ್‌ಗೆ ಬಿಟ್ಟಿತು. 1974ರಲ್ಲಿ ಪ್ಯಾರಿಸ್ ಹತ್ತಿರ ಅದೇ ಬಾಗಿಲು, 346 ಸಾವು. ಎಲ್ಲ ಬುಲೆಟಿನ್‌ಗಳನ್ನೂ ಕಡ್ಡಾಯ ಮಾಡಿದರೆ ಮುಗೀತು. ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ?

ಹ್ಯಾಂಗರ್_ರಾತ್ರಿಪಾಳಿ:
"ಎಲ್ಲ ಬುಲೆಟಿನ್‌ಗಳನ್ನೂ" ಅಂತೀರಲ್ಲ, ಒಂದಾದರೂ ಓದಿದ್ದೀರಾ ಸ್ವಾಮಿ? ಕಾಫಿ ಯಂತ್ರಕ್ಕೂ ಬುಲೆಟಿನ್ ಬರುತ್ತದೆ, ಟಾಯ್ಲೆಟ್ ಚಿಲಕಕ್ಕೂ ಬರುತ್ತದೆ. ಅಪಾಯ ನಿಜವಾಗಿ ಇದೆ, ಅದೇ ಮಾದರಿಯ ಬೇರೆ ವಿಮಾನಗಳಲ್ಲೂ ಇರಬಹುದು ಎಂದಾದಾಗ ಎಡಿ ಬರುತ್ತದೆ. ಇನ್ನು ಆ ಪ್ಯಾರಿಸ್ ವಿಮಾನ. ಬಾಗಿಲಿನ ಕೆಲಸ ಆಗಿದೆ ಎಂದು ಅದರ ದಾಖಲೆಯಲ್ಲಿ ಬರೆದೇ ಇತ್ತು. ಕೆಲಸ ಆಗಿರಲಿಲ್ಲ, ಅಷ್ಟೇ. ಎಡಿ ಇದ್ದಿದ್ದರೂ ಕೆಲಸ ಆಗದೆಯೇ ಸೀಲು ಬೀಳುತ್ತಿತ್ತು.

ರೂಲ್_39:
"ಎಡಿ ಇದ್ದಿದ್ದರೂ" ಎಂದು ಅಷ್ಟು ಹಗುರವಾಗಿ ಹೇಳಬೇಡಿ. ಎಡಿ ಕಾನೂನು, ಸಲಹೆ ಅಲ್ಲ. ಮೊದಲು ಕರಡು, ಆಮೇಲೆ ಜನರ ಅಭಿಪ್ರಾಯ, ಆಮೇಲೆ ಅಂತಿಮ ನಿಯಮ. ತುರ್ತಾದರೆ ಇದ್ಯಾವುದೂ ಇಲ್ಲ, ನೇರ ಆದೇಶ. ಪಾಲಿಸದೆ ಹಾರಿಸಿದರೆ ಒಂದೊಂದು ಹಾರಾಟವೂ ಬೇರೆ ಬೇರೆ ತಪ್ಪು. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737-9 ವಿಮಾನದಲ್ಲಿ ಬಾಗಿಲಿನ ಜಾಗ ಮುಚ್ಚಿದ ಪ್ಲಗ್ ಹಾರಿಹೋಯಿತು. ಮರುದಿನವೇ 171 ವಿಮಾನಗಳಿಗೆ ತುರ್ತು ಎಡಿ ಬಂತು.

ಬಾಲಂಗೋಚಿ:
"ಮರುದಿನವೇ"! ಸೌತ್‌ವೆಸ್ಟ್ ಏರ್‌ಲೈನ್ಸ್ ಕಥೆ ಯಾಕೆ ಹೇಳಲಿಲ್ಲ ಗುರೂ? 2016ರ ಆಗಸ್ಟ್‌ನಲ್ಲಿ ಎಂಜಿನ್ನಿನ ಫ್ಯಾನ್ ಬ್ಲೇಡ್ ಮುರಿಯಿತು. ಎಫ್‌ಎಎ ಕರಡು ಹೊರಗೆ ಬಂದಿದ್ದು ಹತ್ತಿರ ಹತ್ತಿರ ಒಂದು ವರ್ಷ ಆದಮೇಲೆ. ಅಂತಿಮ ನಿಯಮ ಬರುವ ಮೊದಲೇ, 2018ರ ಏಪ್ರಿಲ್ 17ರಂದು ಅದೇ ಏರ್‌ಲೈನ್, ಅದೇ ಥರದ ಎಂಜಿನ್, ಇನ್ನೊಂದು ಬ್ಲೇಡ್. ಕಿಟಕಿ ಒಡೆದು ಪ್ರಯಾಣಿಕರೊಬ್ಬರು ಸತ್ತರು. ಆಗ ಮೂರೇ ದಿನದಲ್ಲಿ ತುರ್ತು ಎಡಿ ಬಂತು ನೋಡಿ. ಬೇಕಿಲ್ಲದ ಕಡೆ ಮಾತ್ರ ಇವರಿಗೆ ಎಲ್ಲಿಲ್ಲದ ಉತ್ಸಾಹ. 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ 3,000ಕ್ಕೂ ಜಾಸ್ತಿ ಹಾರಾಟ ರದ್ದಾಯಿತು. ಕಾರಣ, ವಿದ್ಯುತ್ ವೈರ್‌ಗೆ ಕಟ್ಟಿದ ದಾರದ ಗಂಟುಗಳು ಎಡಿ ಹೇಳಿದ್ದ ಒಂದು ಇಂಚಿಗಿಂತ ದೂರ ಇದ್ದವಂತೆ!

ಹ್ಯಾಂಗರ್_ರಾತ್ರಿಪಾಳಿ:
"ದಾರದ ಗಂಟು" ಎಂದು ನಗಬೇಡಿ. ಅದು ಎಂಡಿ-80 ವಿಮಾನದ ಚಕ್ರದ ಗೂಡಿನಲ್ಲಿರುವ ಹೈಡ್ರಾಲಿಕ್ ಪಂಪಿನ ವೈರ್. ಉಜ್ಜಿ ಉಜ್ಜಿ ಸಿಪ್ಪೆ ಹೋದರೆ ಕಿಡಿ. ಪಕ್ಕದಲ್ಲೇ ಎಣ್ಣೆ ಪೈಪು. ಕಿಡಿ, ಎಣ್ಣೆ, ಮುಚ್ಚಿದ ಗೂಡು. ಮುಂದಿನದು ನಾನು ಹೇಳಬೇಕಾ?

ಬಾಲಂಗೋಚಿ:
"ಕಿಡಿ" ಸರಿ. ಒಂದು ಇಂಚಿಗೆ ಕಟ್ಟಿದರೆ ಬರದ ಕಿಡಿ ಒಂದೂಕಾಲು ಇಂಚಿಗೆ ಬರುತ್ತದಾ? ಆ ವಿಮಾನಗಳಲ್ಲಿ ಯಾವುದಕ್ಕೆ ಬೆಂಕಿ ಬಿತ್ತು, ತೋರಿಸಿ.

ರೂಲ್_39:
ಬೆಂಕಿ ಬಿದ್ದ ಮೇಲೆ ಎಡಿ ಪಾಲಿಸುವುದಲ್ಲ. ಅವರಿಗೆ 18 ತಿಂಗಳು ಸಮಯ ಇತ್ತು. ಒಂದು ಇಂಚು ಕಷ್ಟ ಅನ್ನಿಸಿದ್ದರೆ ಎಎಂಒಸಿ ಕೇಳಬೇಕಿತ್ತು. ‘ನಾವು ಬೇರೆ ದಾರಿಯಲ್ಲಿ ಮಾಡುತ್ತೇವೆ, ಸುರಕ್ಷತೆ ಅಷ್ಟೇ ಇರುತ್ತದೆ’ ಎಂದು ತೋರಿಸಿ ಮೊದಲೇ ಒಪ್ಪಿಗೆ ಪಡೆಯುವ ದಾರಿ ಅದು. ಕೇಳದೆ ತಮಗೆ ತೋಚಿದಂತೆ ಕಟ್ಟಿದರು. 286 ವಿಮಾನ, 14,278 ಹಾರಾಟ. 2010ರಲ್ಲಿ ಎಫ್‌ಎಎ 2.42 ಕೋಟಿ ಡಾಲರ್ ದಂಡ ಪ್ರಸ್ತಾಪಿಸಿತು.

ಕಿಟಕಿ_ಸೀಟು:
ಭಾಗಿಸಿ ನೋಡಿದೆ. ಹಾರಾಟಕ್ಕೆ ಸುಮಾರು 1,700 ಡಾಲರ್! ಇದು ದಂಡವಾ, ಪಾರ್ಕಿಂಗ್ ಚೀಟಿಯಾ? ಇಷ್ಟೇ ಭಯ ಇದ್ದರೆ ಬುಲೆಟಿನ್ ಯಾರು ಪಾಲಿಸುತ್ತಾರೆ?

ಹ್ಯಾಂಗರ್_ರಾತ್ರಿಪಾಳಿ:
"ತೋಚಿದಂತೆ ಕಟ್ಟಿದರು" ಎನ್ನುವ ರೂಲ್ ಸಾಹೇಬರಿಗೆ ಒಂದು ಮಾತು. ನಾನು ಬೇರೆ ವಿಮಾನದಲ್ಲಿ ಇಂಥದ್ದೇ ಕೆಲಸ ಮಾಡಿದ್ದೇನೆ. ಗೂಡಿನಲ್ಲಿ ತಲೆ ಒಂದು ಕಡೆ, ಕೈ ಒಂದು ಕಡೆ. ಬಾಯಲ್ಲಿ ಟಾರ್ಚು. ಗಂಟು ಕಣ್ಣಿಗೆ ಕಾಣುವುದಿಲ್ಲ, ಪುಟ್ಟ ಕನ್ನಡಿಯಲ್ಲಿ ನೋಡಿ ಕಟ್ಟಬೇಕು, ಅದರಲ್ಲಿ ಎಡ ಬಲ ಉಲ್ಟಾ. ಹನ್ನೆರಡು ಗಂಟು ಕಟ್ಟಿದೆ. ಆಡಿಟ್‌ಗೆ ಬಂದವರು ಸ್ಟೀಲ್ ಸ್ಕೇಲ್ ಇಟ್ಟರು. ಹನ್ನೊಂದು ಸರಿ. ಕೊನೆಯದು ಒಂದು ಅಕ್ಕಿಕಾಳಿನಷ್ಟು ಆಚೆ. ಹನ್ನೆರಡನ್ನೂ ಕತ್ತರಿಸಿ ಮತ್ತೆ ಕಟ್ಟಿಸಿದರು.

ಬಾಲಂಗೋಚಿ:
"ಅಕ್ಕಿಕಾಳಿನಷ್ಟು"! ಥ್ಯಾಂಕ್ಸ್. ನನ್ನ ವಾದ ನೀವೇ ಮಾಡಿದಿರಿ.

ಹ್ಯಾಂಗರ್_ರಾತ್ರಿಪಾಳಿ:
ನಿಮ್ಮ ತಲೆ! ಕತ್ತರಿಸಿದ್ದು ಸರಿ ಎಂದೇ ನಾನು ಹೇಳುತ್ತಿರುವುದು. ಇವತ್ತು ಅಕ್ಕಿಕಾಳು ಬಿಟ್ಟರೆ ನಾಳೆ ಕಡಲೆಕಾಳು. ಎಲ್ಲಿ ನಿಲ್ಲಿಸುತ್ತೀರಿ?

ಬಾಲಂಗೋಚಿ:
ಎಫ್‌ಎಎ ನಿಲ್ಲಿಸಿತಲ್ಲ! ಆ ಗಲಾಟೆ ಆದಮೇಲೆ ಅವರೇ ಸಮಿತಿ ಮಾಡಿದರು. ಈಗ ಬುಲೆಟಿನ್‌ನಲ್ಲಿ ಮುಖ್ಯ ಹಂತಗಳಿಗೆ ‘ಆರ್‌ಸಿ’, ಅಂದರೆ ಪಾಲನೆಗೆ ಬೇಕೇ ಬೇಕು ಎನ್ನುವ ಗುರುತು ಹಾಕುತ್ತಾರೆ. ಎಡಿ ಪಾಲಿಸಿದ ಹಾಗೆ ಆಗಬೇಕಾದರೆ ಆ ಹಂತಗಳನ್ನು ಬರೆದ ಹಾಗೇ ಮಾಡಬೇಕು. ಉಳಿದದ್ದರಲ್ಲಿ ಸ್ವಲ್ಪ ಸಡಿಲ. ಎಲ್ಲ ಹಂತವೂ ಒಂದೇ ತೂಕ ಅಲ್ಲ ಎಂದು ಒಪ್ಪಿದ ಹಾಗಾಯಿತಲ್ವಾ?

ರೂಲ್_39:
"ಒಪ್ಪಿದ ಹಾಗೆ" ಏನೂ ಅಲ್ಲ. ವ್ಯವಸ್ಥೆ ತನ್ನನ್ನು ತಾನೇ ತಿದ್ದಿಕೊಂಡಿತು. ಗುರುತು ಬಂದಿದ್ದು ಆಮೇಲೆ. 2008ರಲ್ಲಿ ಇಂಚು ಇಂಚೇ.

ಬಾಲಂಗೋಚಿ:
ತಿದ್ದಿಕೊಂಡಿತು ಅಂದರೆ ಮೊದಲು ತಪ್ಪಿತ್ತು ಅಂತ.

ರೂಲ್_39:
ಇಲ್ಲ.

ಕಿಟಕಿ_ಸೀಟು:
ನಿಮ್ಮ ಇಂಚು ಹಾಳಾಗಲಿ. ನನ್ನ ಪ್ರಶ್ನೆಗೆ ಬನ್ನಿ. 2025ರ ಜೂನ್‌ನಲ್ಲಿ ಅಹಮದಾಬಾದ್‌ನಲ್ಲಿ ಬಿದ್ದ ವಿಮಾನದ ಪ್ರಾಥಮಿಕ ವರದಿ ಓದಿ. ಇಂಧನ ಸ್ವಿಚ್ಚಿನ ಲಾಕ್ ಪರೀಕ್ಷಿಸಿ ಎಂದು ಎಫ್‌ಎಎ 2018ರಲ್ಲೇ ಹೇಳಿತ್ತು. ಕಡ್ಡಾಯ ಅಲ್ಲ ಎಂದು ಮಾಡಲಿಲ್ಲ. ಅಷ್ಟು ಸಾಕಲ್ವಾ?

ಹ್ಯಾಂಗರ್_ರಾತ್ರಿಪಾಳಿ:
ಅರ್ಧ ಪುಟ ಓದಿ ತೀರ್ಪು ಕೊಡಬೇಡಿ. ಆ ವಿಮಾನಕ್ಕೆ ಅನ್ವಯಿಸುವ ಎಡಿಗಳೆಲ್ಲ ಪೂರೈಸಿದ್ದವು ಎಂದು ಅದೇ ವರದಿಯಲ್ಲಿದೆ. ಅಪಘಾತಕ್ಕೆ ಆ ಲಾಕ್ ಕಾರಣ ಎಂದು ಅದರಲ್ಲಿ ಎಲ್ಲಿದೆ?

ರೂಲ್_39:
ಅಂದಹಾಗೆ ಅದು ಸರ್ವಿಸ್ ಬುಲೆಟಿನ್ನೇ ಅಲ್ಲ. ಅದು ಎಫ್‌ಎಎಯ ಮಾಹಿತಿ ಬುಲೆಟಿನ್. ಸರ್ವಿಸ್ ಬುಲೆಟಿನ್ ತಯಾರಕರದ್ದು. ಪದ ಸರಿಯಾಗಿ ಬಳಸಿ.

ಕಿಟಕಿ_ಸೀಟು:
ಪದ! ಕಡ್ಡಾಯ ಅಲ್ಲ ಎನ್ನುವುದು ಎರಡಕ್ಕೂ ಒಂದೇ ತಾನೇ? ಮುಂದಿನ ತಿಂಗಳೇ ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಆ ಪರೀಕ್ಷೆಯನ್ನು ಕಡ್ಡಾಯ ಮಾಡಿ ಜುಲೈ 21ರ ಗಡುವು ಕೊಟ್ಟಿತು. ಏಳು ವರ್ಷ ಆಗದ್ದು ಒಂದು ವಾರದಲ್ಲಿ ಆಗುತ್ತದೆ ಅಂತಾಯ್ತು.

ಹೊಸಬ_22:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. 2025ರ ನವೆಂಬರ್ ಕೊನೆಗೆ ಏರ್‌ಬಸ್ ಎ320 ವಿಮಾನಗಳ ಸಾಫ್ಟ್‌ವೇರಿಗೆ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಈಸಾ ತುರ್ತು ಎಡಿ ಕೊಟ್ಟಾಗ, ಬೇರೆ ದೇಶದ ಏರ್‌ಲೈನ್‌ಗಳೂ ರಾತ್ರೋರಾತ್ರಿ ಯಾಕೆ ಕೆಲಸ ಮಾಡಿದವು? ಅದು ಯುರೋಪಿನ ಕಾನೂನು ಅಲ್ವಾ?

ರೂಲ್_39:
ವಿನ್ಯಾಸ ಮಾಡಿದ ದೇಶ ಎಚ್ಚರಿಕೆ ಹೊರಡಿಸುತ್ತದೆ, ವಿಮಾನ ನೋಂದಣಿಯಾದ ದೇಶ ಅದನ್ನು ತನ್ನ ನಿಯಮವಾಗಿ ಜಾರಿ ಮಾಡುತ್ತದೆ. ಸುಮಾರು 6,000 ವಿಮಾನ, ಮೂರ್ನಾಲ್ಕು ದಿನದಲ್ಲಿ ಬಹುತೇಕ ಮುಗಿಯಿತು. ಎಡಿಯ ಶಕ್ತಿ ಅಂದರೆ ಇದು.

ಬಾಲಂಗೋಚಿ:
"ಎಡಿಯ ಶಕ್ತಿ"! ಬೋಯಿಂಗ್ 737 ಮ್ಯಾಕ್ಸ್‌ಗೆ ಮೊದಲ ಅಪಘಾತ ಆದಮೇಲೆ 2018ರ ನವೆಂಬರ್ 7ರಂದು ಬಂದದ್ದೂ ತುರ್ತು ಎಡಿಯೇ. ಕೈಪಿಡಿಗೆ ಹೊಸ ಪುಟ ಸೇರಿಸಿ ಎಂದಿತು. ಸೇರಿಸಿದರು. 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಅದೇ ಮಾದರಿ ಬಿದ್ದು ಇನ್ನೂ 157 ಜನ ಹೋದರು.

ರೂಲ್_39:
ಅದು ಆ ಎಡಿಯಲ್ಲಿ ಬರೆದದ್ದರ ತಪ್ಪು, ಎಡಿ ಪದ್ಧತಿಯದ್ದಲ್ಲ.

ಬಾಲಂಗೋಚಿ:
ಹಾಗಾದರೆ ಒಂದು ಇಂಚು ಎಂದು ಬರೆದದ್ದೂ…

ಹ್ಯಾಂಗರ್_ರಾತ್ರಿಪಾಳಿ:
ಮತ್ತೆ ಇಂಚಾ! ನನ್ನ ಪಾಳಿ ಶುರುವಾಯಿತು. ಕೆಲಸ ಮಾಡುವವರು ಹೊರಟೆವು.

ಬಾಲಂಗೋಚಿ:
ಸ್ಕೇಲ್ ಮರೆಯಬೇಡಿ ಸರ್.